ತೇಪೆಯ ಲೆಕ್ಕ

ಅಬ್ಬಾ ತೀರಿಕೊಂಡ ಮರುವರ್ಷ, ರಂಜಾನಿಗೆ ಮುಂಚೆ ಮನೆಗೆ ಸುಣ್ಣ ಬಳಿಸುವಾಗ, ಗೋಡೆಯ ಮೇಲಿದ್ದ ಅವರ ಗಡಿಯಾರವನ್ನು ಕೆಳಗಿಳಿಸಿದೆವು. ಅದು ನಿಂತು ನಾಲ್ಕು ವರ್ಷವಾಗಿತ್ತು. ಗಾಜು ಒಡೆದಿತ್ತು, ಲೋಲಕದ ಕೊಂಡಿ ಸವೆದಿತ್ತು. ರಿಪೇರಿಗೆ ಕೇಳಿದರೆ ಪೇಟೆಯ ಅಂಗಡಿಯವರು ಹೇಳಿದ ಮೊತ್ತದಲ್ಲಿ ಮೂರು ಹೊಸ ಗಡಿಯಾರಗಳು ಬರುತ್ತಿದ್ದವು. ಬೀದಿಯಲ್ಲಿ ಕೂಗುತ್ತ ಬಂದ ಗುಜರಿಯವನಿಗೆ ಅರವತ್ತು ರೂಪಾಯಿಗೆ ಕೊಟ್ಟುಬಿಟ್ಟೆವು. ಸಂಜೆ ಅಮ್ಮಿ ಗೋಡೆ ನೋಡಿ, "ಮೊಳೆ ಯಾಕೆ ಬಿಟ್ಟಿದ್ದೀರಿ? ಅದನ್ನೂ ಕೊಟ್ಟುಬಿಡಬೇಕಿತ್ತು" ಎಂದರು. ಮರುದಿನ ಬೆಳಿಗ್ಗೆ ಗುಜರಿ ಅಂಗಡಿಗೆ ಓಡಿದೆವು. ಅಷ್ಟರಲ್ಲಿ ಹಿತ್ತಾಳೆ ಒಂದು ಗುಡ್ಡೆಗೆ, ತಗಡು ಒಂದು ಗುಡ್ಡೆಗೆ, ಮರ ಸೌದೆಗೆ ಸೇರಿಹೋಗಿತ್ತು.

ಇದೇನು ದೊಡ್ಡ ಪಾಪವಲ್ಲ. ಎಲ್ಲರ ಮನೆಯಲ್ಲೂ ದಿನವೂ ನಡೆಯುವಂಥದ್ದು. ಆದರೆ ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಹಳೆಯದನ್ನು, ಕೆಟ್ಟು ಕೂತದ್ದನ್ನು, ಯಾರಿಗೂ ಬೇಡವಾದದ್ದನ್ನು ದುರಸ್ತಿ ಮಾಡಿ ಬಳಸುವುದು ಒಳ್ಳೆಯ ಗುಣವೋ, ಜಿಪುಣತನವೋ, ಅಥವಾ ಬರಿಯ ಮೋಹವೋ? ಗಡಿಯಾರವನ್ನು ಮುಂದಿಟ್ಟುಕೊಂಡು ಇದಕ್ಕೆ ಉತ್ತರ ಹುಡುಕುವುದು ಕಷ್ಟ. ಗಡಿಯಾರದ ರಿಪೇರಿ ಕೆಟ್ಟರೆ ಯಾರ ಜೀವವೂ ಹೋಗುವುದಿಲ್ಲ. ದೋಣಿಯಾದರೆ ಹಾಗಲ್ಲ. ಹಳೆಯ ದೋಣಿಯನ್ನು ದುರಸ್ತಿ ಮಾಡಿದವನು ಅದರೊಳಗೆ ಕುಳಿತೇ ಪರೀಕ್ಷೆ ಕೊಡಬೇಕಾಗುತ್ತದೆ. ಆದ್ದರಿಂದ ಇಲ್ಲಿ ಒಂದು ದೋಣಿಯ ಕತೆ ಹೇಳುತ್ತೇವೆ. ನಾವು ಬಯಲುಸೀಮೆಯವರು, ಕಡಲನ್ನು ಮೊದಲು ಕಂಡದ್ದು ಮೀಸೆ ಬಂದ ಮೇಲೆ, ಮಲ್ಪೆಯಲ್ಲಿ. ನಮ್ಮಂಥವರಿಗೆ ದೋಣಿಯ ಉಸಾಬರಿ ಏಕೆಂದು ಓದುಗರು ಕೇಳಬಹುದು. ತೇಪೆ ಹಾಕುವ ಮಾತಿನಲ್ಲಿ ಕಡಲಾದರೇನು, ಬಯಲಾದರೇನು?

1892ರ ಚಳಿಗಾಲ. ಅಮೆರಿಕದ ಬಾಸ್ಟನ್ ಬಂದರಿನಲ್ಲಿ ಜೋಶುವಾ ಸ್ಲೋಕಮ್ ಎಂಬ ಕ್ಯಾಪ್ಟನ್ ಕೆಲಸವಿಲ್ಲದೆ ಅಲೆಯುತ್ತಿದ್ದ. ವಯಸ್ಸು ಐವತ್ತರ ಹತ್ತಿರ. ಕೆನಡಾದ ನೋವಾಸ್ಕೋಶಿಯಾದಲ್ಲಿ 1844ರಲ್ಲಿ ಹುಟ್ಟಿದ ಈತ ಹೆಚ್ಚು ಶಾಲೆ ಕಾಣದೆ, ಹರೆಯದಲ್ಲೇ ಹಡಗು ಹತ್ತಿ, 'ನಾರ್ದರ್ನ್ ಲೈಟ್' ಎಂಬ ದೊಡ್ಡ ಹಾಯಿಹಡಗಿನ ಕ್ಯಾಪ್ಟನ್ ಆಗುವವರೆಗೆ ಏರಿದ್ದ. ಆಮೇಲೆ ಬಂದದ್ದೆಲ್ಲ ಇಳಿತ. ಮೊದಲ ಹೆಂಡತಿ ವರ್ಜೀನಿಯಾ 1884ರಲ್ಲಿ ಪ್ರಯಾಣದ ನಡುವೆಯೇ ತೀರಿಕೊಂಡಳು. 1887ರಲ್ಲಿ ಅವನ ಸ್ವಂತ ಹಡಗು 'ಅಕ್ವಿಡ್ನೆಕ್' ಬ್ರೆಜಿಲಿನ ತೀರದಲ್ಲಿ ಮರಳಿಗೆ ಸಿಕ್ಕಿ ಒಡೆಯಿತು. ಅಳಿದುಳಿದ ಸಾಮಾನಿಗೆ ಅಲ್ಲಿಯ ಮರ ಸೇರಿಸಿ ಮೂವತ್ತೈದು ಅಡಿಯ ದೋಣಿಯೊಂದನ್ನು ಕಟ್ಟಿ, ಎರಡನೆಯ ಹೆಂಡತಿ ಹೆಟ್ಟಿ ಮತ್ತು ಇಬ್ಬರು ಗಂಡುಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ಅಮೆರಿಕಕ್ಕೆ ಮರಳಿದ. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದ ದಿನವೇ, ಅಂದರೆ 1888ರ ಮೇ 13ರಂದು, ಆ ದೋಣಿ ನೀರಿಗಿಳಿದಿತ್ತು. ಅದಕ್ಕೆ 'ಲಿಬರ್ದಾಡೆ', ಸ್ವಾತಂತ್ರ್ಯ, ಎಂದು ಹೆಸರಿಟ್ಟಿದ್ದ.

ಊರಿಗೆ ಬಂದರೆ ಕಾಲ ಬದಲಾಗಿತ್ತು. ಉಗಿಹಡಗುಗಳು ಕಡಲನ್ನು ಆಳತೊಡಗಿದ್ದವು. ಹಾಯಿಯ ವಿದ್ಯೆ ಕಲಿತವರು ಬಂದರಿನ ಕಟ್ಟೆಯ ಮೇಲೆ ಕುಳಿತು ಹಳೆಯ ಮಾತಾಡುತ್ತಿದ್ದರು. ಮಗ್ಗ ನಿಂತ ಊರಿನ ನೇಕಾರರನ್ನು, ಜಟಕಾ ಮಾರಿದ ಸಾಬಿಗಳನ್ನು ಕಂಡ ನಮಗೆ ಆ ಕಟ್ಟೆ ಹೇಗಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಅಂಥ ಹೊತ್ತಿನಲ್ಲಿ ಸ್ಲೋಕಮ್‌ಗೆ ಎಬೆನ್ ಪಿಯರ್ಸ್ ಎಂಬ ಪರಿಚಯದ ಹಳೆಯ ಕ್ಯಾಪ್ಟನ್ ಸಿಕ್ಕ. ಫೇರ್‌ಹೇವನ್‌ಗೆ ಬಾ, ಒಂದು ಹಡಗು ಕೊಡುತ್ತೇನೆ, ಆದರೆ ಅದಕ್ಕೆ ಸ್ವಲ್ಪ ರಿಪೇರಿ ಬೇಕು ಎಂದ. ಸ್ಲೋಕಮ್ ಹೋಗಿ ನೋಡಿದರೆ, ನೀರಿನಿಂದ ದೂರ, ಒಂದು ಹೊಲದಲ್ಲಿ, ಆಸರೆ ಕೊಟ್ಟು ನಿಲ್ಲಿಸಿ ಮೇಲೆ ಕ್ಯಾನ್ವಾಸ್ ಹೊದಿಸಿದ್ದ ಹಳೆಯ ಹಾಯಿದೋಣಿ. ಹೆಸರು 'ಸ್ಪ್ರೇ'. ಪಿಯರ್ಸ್ ಅದನ್ನು ಏನು ಮಾಡುತ್ತಾನೆಂದು ಊರಿನವರು ಏಳು ವರ್ಷದಿಂದ ಕೇಳುತ್ತಿದ್ದರು. ಕೊನೆಗೂ ಯಾರೋ ಒಡೆದು ಸೌದೆ ಮಾಡಲು ಬಂದಿದ್ದಾರೆ ಎಂದುಕೊಂಡರು. ಇಲ್ಲ, ಇದನ್ನು ಮತ್ತೆ ಕಟ್ಟುತ್ತೇನೆ ಎಂದು ಸ್ಲೋಕಮ್ ಹೇಳಿದಾಗ ಅವರ ಮೊದಲ ಪ್ರಶ್ನೆ, ಇದರಿಂದ ಗಿಟ್ಟುತ್ತದೆಯೇ ಎಂಬುದಾಗಿತ್ತು. ಗಿಟ್ಟುವ ಹಾಗೆ ಮಾಡುತ್ತೇನೆ ಎಂದು ಅವನು ವರ್ಷಪೂರ್ತಿ ಉತ್ತರಿಸಬೇಕಾಯಿತು.

ಕೆಲಸ ಹೇಗೆ ನಡೆಯಿತೆಂಬುದನ್ನು ಆತನೇ ಬರೆದಿಟ್ಟಿದ್ದಾನೆ. ಹತ್ತಿರದಲ್ಲೇ ಇದ್ದ ಓಕ್ ಮರವನ್ನು ತಾನೇ ಕೊಡಲಿಯಿಂದ ಕಡಿದು ದೋಣಿಯ ಬೆನ್ನೆಲುಬಾದ ಅಡಿಮರ ಮಾಡಿಕೊಂಡ. ಒಬ್ಬ ರೈತ ಅಲ್ಪಸ್ವಲ್ಪ ಹಣಕ್ಕೆ ದಿಮ್ಮಿಗಳನ್ನು ಎಳೆದು ತಂದುಕೊಟ್ಟ. ನೆಟ್ಟನೆಯ ಎಳೆಮರಗಳನ್ನು ಉಗಿಪೆಟ್ಟಿಗೆಯಲ್ಲಿ ಮೆತ್ತಗಾಗಿಸಿ, ದಿಮ್ಮಿಯ ಮೇಲೆ ಬಗ್ಗಿಸಿ ಪಕ್ಕೆಲುಬು ಮಾಡಿದ. ಉಗಿಗೆ ಬೇಕಾದ ನೀರು ಕಾಯಿಸಲು ಒಂದು ಪಾತ್ರೆ. ಒಂದೂವರೆ ಇಂಚು ದಪ್ಪದ ಪೈನ್ ಹಲಗೆಗಳನ್ನು ಜಡಿದ. ಹಲಗೆಗಳ ಸಂದಿಗೆ ಮೊದಲು ಹತ್ತಿ, ಅದರ ಮೇಲೆ ನಾರು ತುರುಕಿದ. ತಿಮಿಂಗಿಲ ಬೇಟೆಯ ಹಳೆಯ ಕ್ಯಾಪ್ಟನ್‌ಗಳು ಒಬ್ಬೊಬ್ಬರಾಗಿ ಬಂದು ನೋಡಿ, ತಮ್ಮ ಬುದ್ಧಿ ಹೇಳಿ ಹೋಗುತ್ತಿದ್ದರು. ಕೈಯಲ್ಲಿ ಕಾಸು ಮುಗಿದಾಗ ಬಂದರಿನಲ್ಲಿ ಬೇರೆಯವರ ಹಡಗುಗಳ ಕೆಲಸಕ್ಕೆ ಹೋಗಿ ಸಂಪಾದಿಸಿಕೊಂಡು ಬರುತ್ತಿದ್ದ. ಹೀಗೆ ಹದಿಮೂರು ತಿಂಗಳ ದುಡಿಮೆ. ಸಾಮಾನಿಗೆ ಆದ ಖರ್ಚು 553 ಡಾಲರ್ 62 ಸೆಂಟ್. ಈ 62 ಸೆಂಟನ್ನು ನಾವು ತುಂಬ ಮೆಚ್ಚಿಕೊಂಡೆವು. ಉಳ್ಳವರು ದುಂಡು ಮೊತ್ತದಲ್ಲಿ ಮಾತಾಡುತ್ತಾರೆ. ಚಿಲ್ಲರೆಯನ್ನೂ ಬರೆದಿಡುವವನು ಪ್ರತಿ ಮೊಳೆಯನ್ನೂ ಕೈಯಾರೆ ಎಣಿಸಿ ಕೊಂಡವನೇ ಇರಬೇಕು.

ಈಗ ತತ್ತ್ವಜ್ಞಾನಿಗಳ ಪ್ರಶ್ನೆಗೆ ಬರೋಣ. ಹೊಸ ಅಡಿಮರ, ಹೊಸ ಪಕ್ಕೆಲುಬು, ಹೊಸ ಹಲಗೆ. ಹಳೆಯ ದೋಣಿ ಎಲ್ಲಿ ಉಳಿಯಿತು? ಗ್ರೀಕರಲ್ಲಿ ಇಂಥ ಒಂದು ಚರ್ಚೆ ಇತ್ತೆಂದು ಪ್ಲುಟಾರ್ಕ್ ಬರೆದಿದ್ದಾನೆ. ಥೀಸಿಯಸ್ ಎಂಬ ವೀರನ ಹಡಗನ್ನು ಅಥೆನ್ಸಿನವರು ಶತಮಾನಗಳ ಕಾಲ ಕಾಪಾಡಿಕೊಂಡಿದ್ದರು. ಕೊಳೆತ ಹಲಗೆ ಕಿತ್ತು ಹೊಸದು ಹಾಕುತ್ತ ಬಂದದ್ದರಿಂದ, ಅದು ಅದೇ ಹಡಗೋ ಬೇರೆಯೋ ಎಂದು ಪಂಡಿತರು ಜಗಳವಾಡುತ್ತಿದ್ದರು. ಸ್ಲೋಕಮ್ ಈ ಜಗಳಕ್ಕೆ ಹೋಗಲಿಲ್ಲ. ಹಡಗುಗಳ ವಿಮೆ, ದಾಖಲೆ ನೋಡಿಕೊಳ್ಳುವ ಲಾಯ್ಡ್ಸ್‌ನ ಕಾನೂನನ್ನು ಮುಂದಿಟ್ಟ. ತುಂಡುತುಂಡಾಗಿ ರಿಪೇರಿಯಾಗುತ್ತ ಇಡೀ ಹಡಗು ಹೊಸದಾದರೂ ಅದರ ಹೆಸರು ಹಳೆಯದೇ ಎಂಬುದು ಅದರ ಸಾರಾಂಶ.

ನಮ್ಮ ದಾದಿಮಾಗೆ ಗ್ರೀಕರೂ ಗೊತ್ತಿರಲಿಲ್ಲ, ಲಾಯ್ಡ್ಸೂ ಗೊತ್ತಿರಲಿಲ್ಲ. ಆದರೆ ಅವರ ಕೌದಿ ಇದಕ್ಕೆ ಉತ್ತರ ಹೇಳುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ಹರಿದ ತುಂಡು ಬಿಚ್ಚಿ, ಯಾರದೋ ಹಳೆಯ ಕುರ್ತಾದ, ಯಾರದೋ ಸೀರೆಯ ತುಂಡು ಹೊಲಿಯುತ್ತಿದ್ದರು. ಮೊದಲ ಕೌದಿಯ ಒಂದು ನೂಲೂ ಉಳಿದಿರಲಿಕ್ಕಿಲ್ಲ. ಆದರೂ ಅದು ಅವರ ಮದುವೆಯ ವರ್ಷದ ಕೌದಿಯೇ. ಯಾಕೆಂದರೆ ಒಂದು ರಾತ್ರಿಯೂ ಅದು ಹೊದೆಯುವುದನ್ನು ನಿಲ್ಲಿಸಿರಲಿಲ್ಲ. ವಸ್ತುವಿನ ಗುರುತು ಅದರ ಮರದಲ್ಲಾಗಲೀ ನೂಲಿನಲ್ಲಾಗಲೀ ಇಲ್ಲ, ಅದನ್ನು ಬಿಡದೆ ನೋಡಿಕೊಂಡ ಕೈಗಳಲ್ಲಿದೆ ಎಂದು ನಮಗೆ ತೋರುತ್ತದೆ.

ಉರ್ದು ಶಾಲೆಯಲ್ಲಿ ಓದಿದ ನಮಗೆ ರಫೂ ಎಂಬ ಪದ ಚಿಕ್ಕಂದಿನಿಂದ ಪರಿಚಯ. ರಫೂಗಾರನ ಕೈಚಳಕವಿರುವುದು ಹರಿದದ್ದು ಕಾಣದಂತೆ ನೇಯುವುದರಲ್ಲಿ. ಕನ್ನಡದ ತೇಪೆ ಹಾಗಲ್ಲ, ಅದು ಎದ್ದು ಕಾಣುತ್ತದೆ. 'ತೇಪೆ ಹಚ್ಚುವ ಕೆಲಸ' ಎಂದು ನಾವು ಹೀಯಾಳಿಸುವುದೂ ಅದಕ್ಕೇ. ರಫೂ ಮದುವೆಯ ಶೇರ್ವಾನಿಗೆ ಬೇಕು. ತೇಪೆ ದುಡಿಯುವವನ ಅಂಗಿಗೆ ಸಾಕು. ಪ್ರವಾದಿಯವರು(ಸ) ಮನೆಯಲ್ಲಿ ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಹಜ್ರತ್ ಆಯಿಶಾ(ರ) ಅವರ ವರದಿ ಇದೆ. ನಮ್ಮ ಮಿಂಬರುಗಳಿಂದ ಇದನ್ನು ಎಷ್ಟೋ ಸಲ ಕೇಳಿದ್ದೇವೆ. ಕೇಳಿ ಹೊರಬಂದು, ಮಸೀದಿಯ ಮೆಟ್ಟಿಲ ಮೇಲೆ ಕಿತ್ತ ಚಪ್ಪಲಿಯನ್ನು ಅಲ್ಲೇ ಬಿಟ್ಟು ಹೊಸದು ಕೊಳ್ಳಲು ಹೋಗಿದ್ದೇವೆ.

ಸ್ಲೋಕಮ್‌ನದು ತೇಪೆಯ ದಾರಿ. ದುರಸ್ತಿಯಾದ ಸ್ಪ್ರೇ 36 ಅಡಿ 9 ಇಂಚು ಉದ್ದವಿತ್ತು. 1895ರ ಏಪ್ರಿಲ್ 24ರಂದು ಆತ ಒಬ್ಬನೇ ಅದರಲ್ಲಿ ಬಾಸ್ಟನ್ ಬಿಟ್ಟ. ಕ್ಯಾಪ್ಟನ್‌ಗಳು ದಿಕ್ಕುದೆಸೆ ಲೆಕ್ಕ ಹಾಕಲು ಬಳಸುವ ನಿಖರವಾದ ಗಡಿಯಾರ ಅವನ ಬಳಿಯೂ ಇತ್ತು. ಆದರೆ ಅದರ ರಿಪೇರಿಗೆ ಹದಿನೈದು ಡಾಲರ್ ಆಗುತ್ತದೆಂದು ಮನೆಯಲ್ಲೇ ಬಿಟ್ಟ. ದಾರಿಯಲ್ಲಿ ಯಾರ್ಮತ್ ಎಂಬ ಊರಿನಲ್ಲಿ ಒಂದು ತಗಡಿನ ಗಡಿಯಾರ ನೋಡಿದ. ಬೆಲೆ ಒಂದೂವರೆ ಡಾಲರ್. ಅದರ ಮುಖ ಒಡೆದಿದ್ದರಿಂದ ಅಂಗಡಿಯವನು ಒಂದೇ ಡಾಲರಿಗೆ ಕೊಟ್ಟ. ಮುಂದೆ ಹಿಂದೂ ಮಹಾಸಾಗರ ತಲುಪುವಷ್ಟರಲ್ಲಿ ಅದರ ನಿಮಿಷದ ಮುಳ್ಳೂ ಬಿದ್ದುಹೋಗಿತ್ತು. ನಿಂತಾಗ ನೀರಿನಲ್ಲಿ ಕುದಿಸಿ ನಡೆಸಿದ. ಗಂಟೆ ತೋರಿಸಿದರೆ ಸಾಕು ಎಂಬುದು ಅವನ ಲೆಕ್ಕ. ಹೋಗಿಬರಲು ಸಣ್ಣ ದೋಣಿ ಬೇಕಿತ್ತು, ಆದರೆ ಇಡೀ ದೋಣಿ ಇಡಲು ಸ್ಪ್ರೇಯಲ್ಲಿ ಜಾಗವಿರಲಿಲ್ಲ. ಯಾರೋ ಬಿಸಾಡಿದ್ದ ದೋಣಿಯೊಂದನ್ನು ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ಕಡೆ ಹಲಗೆ ಜಡಿದು, ಅರ್ಧ ದೋಣಿ ಮಾಡಿಕೊಂಡ. ಬಟ್ಟೆ ಒಗೆಯಲೂ ಸ್ನಾನಕ್ಕೂ ಅದೇ ತೊಟ್ಟಿ.

ಅಬ್ಬಾರ ಗಡಿಯಾರದ ಗಾಜು ಒಡೆದಿದೆಯೆಂದು ನಾವು ಅದನ್ನು ಕೊಟ್ಟುಬಿಟ್ಟೆವು. ಮುಖ ಒಡೆದಿದೆಯೆಂದೇ ಸ್ಲೋಕಮ್‌ಗೆ ಅವನ ಗಡಿಯಾರ ದಕ್ಕಿತು. ಇದನ್ನು ಓದಿದಾಗ ನಮಗೆ ನೆನಪಾದದ್ದು ಸೂರಃ ಕಹ್ಫ್‌ನ ದೋಣಿ. ಪ್ರವಾದಿ ಮೂಸಾ(ಅ) ಅವರ ಜೊತೆಗಾರ, ವ್ಯಾಖ್ಯಾನಕಾರರು ಖಿಜ್ರ್(ಅ) ಎಂದು ಕರೆಯುವವರು, ತಾವು ಹತ್ತಿದ ದೋಣಿಗೇ ಹಾನಿ ಮಾಡುತ್ತಾರೆ. ಮೂಸಾ ಬೆಚ್ಚಿ ಆಕ್ಷೇಪಿಸುತ್ತಾರೆ. ಕಾರಣ ತಿಳಿಯುವುದು ಕೊನೆಯಲ್ಲಿ. ಆ ದೋಣಿ ಕಡಲಿನಲ್ಲಿ ದುಡಿಯುವ ಬಡವರದು. ಅವರ ಹಿಂದೆ ಒಬ್ಬ ರಾಜನಿದ್ದ, ಚೆನ್ನಾಗಿರುವ ದೋಣಿಗಳನ್ನೆಲ್ಲ ಬಲವಂತದಿಂದ ಕಸಿದುಕೊಳ್ಳುವವನು. ಕುಂದು ಇದ್ದುದರಿಂದ ಅದು ಅವನಿಗೆ ಬೇಡವಾಗಿ ಬಡವರ ಬಳಿಯೇ ಉಳಿಯಿತು.

ಚಿಕ್ಕಂದಿನಲ್ಲಿ ಇದನ್ನು ನಾವು ಅಲ್ಲಾಹನ ಹಿಕ್ಮತ್ತಿನ ಕತೆಯಾಗಿ ಮಾತ್ರ ಕೇಳಿದ್ದೆವು. ಈಗ ಇನ್ನೊಂದು ಅರ್ಥವೂ ಕಾಣುತ್ತಿದೆ. ಲೋಕದಲ್ಲಿ ಎಲ್ಲವೂ ಅಚ್ಚುಕಟ್ಟಾಗಿ, ಒಪ್ಪವಾಗಿ ಇದ್ದುಬಿಟ್ಟರೆ ಬಡವನಿಗೆ ಏನೂ ಸಿಗುವುದಿಲ್ಲ. ಅವನ ಸೈಕಲ್ಲು, ಅವನ ಹೊಲಿಗೆ ಮೆಷಿನ್ನು, ಅವನ ಮನೆ, ಅವನ ಮಗಳ ಪಠ್ಯಪುಸ್ತಕ, ಎಲ್ಲವೂ ಯಾವುದೋ ಒಂದು ಕುಂದಿನ ಬಾಗಿಲಿನಿಂದಲೇ ಅವನ ಬಳಿ ಬರುತ್ತವೆ. ಆ ಕುಂದನ್ನು ತುಂಬಲು ಅವನ ಬಳಿ ಹಣವಿಲ್ಲ, ಬೆವರಿದೆ. ಇಂದಿನ ಕೊಳ್ಳುಬಾಕ ಸಂಸ್ಕೃತಿ ಮುಚ್ಚುತ್ತಿರುವುದು ಈ ಬಾಗಿಲನ್ನೇ. ಬಿಚ್ಚಲು ಬಾರದ ಮೊಬೈಲು, ಬಿಡಿಭಾಗ ಸಿಗದ ಮಿಕ್ಸಿ. ಕಸಿದುಕೊಳ್ಳುವ ರಾಜ ಈಗ ಕತ್ತಿ ಹಿಡಿದು ಬರಬೇಕಾಗಿಲ್ಲ. ದುರಸ್ತಿ ಸಾಧ್ಯವಿಲ್ಲದ ವಸ್ತುವನ್ನು ಮಾರಿದರೆ ಸಾಕು.

ಆದರೆ ದುರಸ್ತಿಯನ್ನು ಹೊಗಳುತ್ತ ಹೋದರೆ ಒಂದು ಅಪಾಯವಿದೆ. ಅಗ್ಗ ಮತ್ತು ಅಲಕ್ಷ್ಯದ ನಡುವಿನ ಗೆರೆ ಅಳಿಸಿಹೋಗುತ್ತದೆ. ಇದಕ್ಕೂ ಸ್ಲೋಕಮ್‌ನ ಪ್ರಯಾಣದಲ್ಲೇ ಉದಾಹರಣೆ ಇದೆ. 1897ರಲ್ಲಿ ಆತ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಲ್ಲಿ ತಂಗಿದ್ದ. ಅಲ್ಲಿಯ ಮಲಯ ಜನ ಮುಸ್ಲಿಮರು, ಇಂದಿಗೂ. ಅಲ್ಲಿಗೆ ಬರುವಾಗ ಸ್ಪ್ರೇ 2,700 ಮೈಲಿಗಳನ್ನು ಇಪ್ಪತ್ತಮೂರು ದಿನಗಳಲ್ಲಿ ದಾಟಿತ್ತು. ಅಷ್ಟು ದಿನಗಳಲ್ಲಿ ಚುಕ್ಕಾಣಿಯ ಬಳಿ ಅವನು ನಿಂತದ್ದು ಒಟ್ಟು ಮೂರು ಗಂಟೆಗೂ ಕಡಿಮೆ. ದೋಣಿ ಅಷ್ಟು ಸಮತೋಲದಲ್ಲಿತ್ತು. ಅಂಥವನು ಅದೇ ದ್ವೀಪದಲ್ಲಿ, ಒಂದು ದಿನ, ಬೇರೆಯವರ ಸಣ್ಣ ದೋಣಿ ಹತ್ತಿ ಪ್ರಾಣವನ್ನೇ ಕಳೆದುಕೊಳ್ಳುವುದರಲ್ಲಿದ್ದ. ಬಿರುಗಾಳಿ ಎದ್ದಿತು. ನೋಡಿದರೆ ದೋಣಿಯಲ್ಲಿ ಹುಟ್ಟಿಲ್ಲ. ಲಂಗರಿದೆ, ಅದಕ್ಕೆ ಸಾಕಷ್ಟು ಹಗ್ಗವಿಲ್ಲ. ಕುಡಿಯಲು ಹನಿ ನೀರಿಲ್ಲ. ಗಾಳಿ ತಳ್ಳುತ್ತಿದ್ದ ದಿಕ್ಕಿನಲ್ಲಿ ಮುಂದಿನ ನೆಲವೆಂದರೆ ಮೂರು ಸಾವಿರ ಮೈಲಿ ದೂರದ ಆಫ್ರಿಕ. ಒಂದು ಗಳು ಸಿಕ್ಕಿದ್ದರಿಂದ ಹೇಗೋ ದಡ ಸೇರಿದರು. ಸ್ಪ್ರೇಯೂ ಹಳೆಯದೇ, ಆ ದೋಣಿಯೂ ಹಳೆಯದೇ. ಒಂದರಲ್ಲಿ ಮುರಿದದ್ದೆಲ್ಲ ಯಜಮಾನನಿಗೆ ಗೊತ್ತಿತ್ತು. ಇನ್ನೊಂದರಲ್ಲಿ ಏನಿಲ್ಲವೆಂದು ತಿಳಿದದ್ದು ಗಾಳಿ ಬಂದ ಮೇಲೆ. ಬ್ರೇಕು ಹಿಡಿಯದ ಶಾಲಾ ಆಟೋದಲ್ಲಿ ಮಕ್ಕಳನ್ನು ತುಂಬಿಕೊಂಡು, 'ಬಡವರ ಹೊಟ್ಟೆಪಾಡು' ಎನ್ನುವವರನ್ನು ನಾವು ಕಂಡಿದ್ದೇವೆ. ಅದು ಮಿತವ್ಯಯವಲ್ಲ. ತನ್ನ ಉಳಿತಾಯದ ಬೆಲೆಯನ್ನು ಇನ್ನೊಬ್ಬರ ಮಕ್ಕಳ ಜೀವದಿಂದ ತೆರುವುದು.

1898ರ ಜೂನ್ 27ರಂದು ಸ್ಲೋಕಮ್ ಅಮೆರಿಕದ ನ್ಯೂಪೋರ್ಟ್ ಬಂದರು ಮುಟ್ಟಿದ. 46,000 ಮೈಲಿ. ಒಬ್ಬನೇ ದೋಣಿ ನಡೆಸಿ ಭೂಮಿಯನ್ನು ಸುತ್ತಿದ ಮೊದಲ ಮನುಷ್ಯ. ಮುಂದಿನ ವಾರ ಆತ ಮಾಡಿದ ಕೆಲಸ ನಮಗೆ ಇಡೀ ಪ್ರಯಾಣಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸ್ಪ್ರೇಯನ್ನು ಫೇರ್‌ಹೇವನ್‌ಗೆ ಕೊಂಡೊಯ್ದು, ಮೊದಲ ಸಲ ನೀರಿಗಿಳಿಸಿದಾಗ ಅದನ್ನು ಕಟ್ಟಲು ದಂಡೆಯಲ್ಲಿ ನೆಟ್ಟಿದ್ದ ಅದೇ ದೇವದಾರು ಗೂಟಕ್ಕೆ ಮತ್ತೆ ಕಟ್ಟಿದ.

ಕತೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಲೆಕ್ಕ ಹೇಳಲು ಹೊರಟ ಮೇಲೆ ಪೂರ್ತಿ ಹೇಳಬೇಕು. 553 ಡಾಲರ್ 62 ಸೆಂಟಿನ ಪಟ್ಟಿಯಲ್ಲಿ ಬಾರದ ಖರ್ಚುಗಳಿವೆ. ಆ ಮೂರು ವರ್ಷ ಹೆಂಡತಿ ಹೆಟ್ಟಿ ಮತ್ತು ಮಕ್ಕಳು ಅವನಿಲ್ಲದೆ ದಡದಲ್ಲಿ ದಿನ ದೂಡಿದರು. ಗಂಡಸರ ಸಾಹಸದ ಕತೆಗಳಲ್ಲಿ ಈ ಸಾಲು ಯಾವಾಗಲೂ ಚಿಕ್ಕದಾಗಿರುತ್ತದೆ. ಗಲ್ಫಿಗೆ ಗಂಡನನ್ನು ಕಳಿಸಿ ಕುಳಿತ ನಮ್ಮ ಅಕ್ಕತಂಗಿಯರಿಗೆ ಅದರ ಉದ್ದ ಗೊತ್ತು. ಇನ್ನೊಂದು ಸಂಗತಿ ಇದಕ್ಕಿಂತ ಕಹಿಯಾದದ್ದು. 1906ರಲ್ಲಿ, ಸ್ಪ್ರೇಯನ್ನು ನೋಡಲು ಬಂದ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಮೇಲೆ ಅಸಭ್ಯವಾಗಿ ನಡೆದುಕೊಂಡ ಆರೋಪದಲ್ಲಿ ನ್ಯೂಜೆರ್ಸಿಯಲ್ಲಿ ಅವನ ಬಂಧನವಾಯಿತು. ಆತ ಆರೋಪವನ್ನು ಎದುರಿಸಿ ವಾದಿಸಲಿಲ್ಲ. 42 ದಿನ ಜೈಲಿನಲ್ಲಿದ್ದು ಹೊರಬಂದ. ಅವನನ್ನು ಹಾಡಿ ಹೊಗಳುವವರು ಇದನ್ನು ಹೇಳದೆ ದಾಟಿಬಿಡುತ್ತಾರೆ. ಅದು ರಫೂ. ನಾವು ತೇಪೆಯ ಪಕ್ಷದವರು, ಕಲೆ ಕಾಣಲಿ ಎನ್ನುತ್ತೇವೆ. ಕೊಳೆತ ಹಲಗೆಯನ್ನು ಗುರುತಿಸಬಲ್ಲ ಕೈ ತನ್ನೊಳಗಿನ ಕೊಳೆತವನ್ನು ಗುರುತಿಸುತ್ತದೆಂಬ ಭರವಸೆ ಇಲ್ಲ. ಕುಶಲತೆ ಬೇರೆ, ಸಜ್ಜನಿಕೆ ಬೇರೆ. ದೋಣಿಗೆ ಹೊಸ ಹಲಗೆ ಬೇರೊಬ್ಬರು ಜಡಿಯಬಹುದು. ಮನುಷ್ಯನ ದುರಸ್ತಿಗೆ ಅವನೇ ಕೂರಬೇಕು, ಮತ್ತು ಮೊದಲ ಕೆಲಸ ಕೊಳೆತದ್ದನ್ನು ಕೊಳೆತದ್ದೆಂದು ಒಪ್ಪಿಕೊಳ್ಳುವುದು. ನಮ್ಮಲ್ಲಿ ತೌಬಾ ಎಂದರೆ ಇದೇ ಅಲ್ಲವೇ?

ಕೊನೆಯ ವರ್ಷಗಳಲ್ಲಿ ಸ್ಪ್ರೇಯನ್ನು ಕಂಡವರು ಅದು ಸೊರಗಿದ್ದನ್ನು ಹೇಳಿದ್ದಾರೆ. ಯಜಮಾನನೂ ಮೊದಲಿನಂತೆ ಅದನ್ನು ನೋಡಿಕೊಳ್ಳುತ್ತಿರಲಿಲ್ಲ. 1909ರಲ್ಲಿ ಅದೇ ದೋಣಿಯಲ್ಲಿ ದಕ್ಷಿಣಕ್ಕೆ ಹೊರಟವನು ಮರಳಲಿಲ್ಲ, ದೋಣಿಯೂ ಸಿಗಲಿಲ್ಲ. 1924ರಲ್ಲಿ ಅವನು ಸತ್ತನೆಂದು ಕಾನೂನು ಘೋಷಿಸಿತು. ಏನಾಯಿತೆಂದು ಯಾರಿಗೂ ತಿಳಿಯದು, ಅಲ್ಲಾಹನೇ ಬಲ್ಲ. ನಮಗೆ ತಿಳಿಯುವುದಿಷ್ಟೇ: ಹದಿಮೂರು ತಿಂಗಳು ದುಡಿದು ದುರಸ್ತಿ ಮಾಡಿದೆ ಎಂದರೆ ಕೆಲಸ ಮುಗಿಯಿತು ಎಂದಲ್ಲ. ದಾದಿಮಾ ಪ್ರತಿ ಬೇಸಿಗೆ ಕೌದಿ ಬಿಚ್ಚಿ ಕೂರುತ್ತಿದ್ದುದು ಈ ಕಾರಣಕ್ಕೇ.

ಇಂದು ಹಳೆಯ ಹಾಯಿದೋಣಿ ಕೊಳ್ಳುವುದು ಯುರೋಪು, ಅಮೆರಿಕಗಳಲ್ಲಿ ಕಷ್ಟವಲ್ಲ. ಕಳೆದ ಶತಮಾನದ ಅರವತ್ತರ ದಶಕದಿಂದ ಈಚೆಗೆ ಫೈಬರ್‌ಗ್ಲಾಸಿನಲ್ಲಿ ಮಾಡಿದ ದೋಣಿಗಳು ಕೊಳೆಯುವುದಿಲ್ಲ, ಸುಲಭವಾಗಿ ಕರಗಿಸಿ ಬೇರೇನಾದರೂ ಮಾಡಲೂ ಬರುವುದಿಲ್ಲ. ಯಜಮಾನರು ಮುದುಕರಾಗುತ್ತಾರೆ, ದೋಣಿಗಳು ಬಂದರಿನ ಮೂಲೆಯಲ್ಲಿ ಬಿದ್ದಿರುತ್ತವೆ. ಇಂಥವನ್ನು ಬಿಚ್ಚಿ ವಿಲೇವಾರಿ ಮಾಡಲು ಫ್ರಾನ್ಸ್ 2019ರಲ್ಲಿ ಒಂದು ವ್ಯವಸ್ಥೆಯನ್ನೇ ಆರಂಭಿಸಬೇಕಾಯಿತು. ಕೆಲವನ್ನು ಪುಡಿಗಾಸಿಗೆ ಕೊಡುತ್ತಾರೆ, ಕೆಲವನ್ನು ಪುಕ್ಕಟೆ. ಕೊಳ್ಳುವ ಬೆಲೆ ಸಣ್ಣದು, ನಿಲ್ಲಿಸುವ ಬಾಡಿಗೆ, ಹಾಯಿ, ಹಗ್ಗ, ಬಣ್ಣಗಳ ವರ್ಷವರ್ಷದ ಖರ್ಚು ದೊಡ್ಡದು. ಹುಮ್ಮಸ್ಸಿನಿಂದ ಕೊಂಡವರಲ್ಲಿ ಎಷ್ಟೋ ಜನ ಅರ್ಧಕ್ಕೆ ಕೈಬಿಟ್ಟು, ದೋಣಿಯನ್ನು ಎರಡನೆಯ ಸಲ ಅನಾಥ ಮಾಡುತ್ತಾರೆ. ದುರಸ್ತಿಗೆ ಕೈ ಹಾಕುವ ಮುಂಚೆ ನೋಡಿಕೊಳ್ಳುವ ಶಕ್ತಿ ನಮಗಿದೆಯೇ ಎಂದು ಕೇಳಿಕೊಳ್ಳದಿದ್ದರೆ ಅದೂ ಒಂದು ಬಗೆಯ ಇಸ್ರಾಫ್, ದುಂದು. ಪಾಳುಬಿದ್ದದ್ದನ್ನೆಲ್ಲ ಎತ್ತಿಕೊಂಡು ಬಂದು ಮನೆ ತುಂಬುವವನು, ಇದ್ದದ್ದನ್ನೆಲ್ಲ ಎಸೆಯುವವನು, ಇಬ್ಬರೂ ವಸ್ತುವನ್ನು ಅಮಾನತ್ ಎಂದು ನೋಡುತ್ತಿಲ್ಲ.

ಹಾಗಾದರೆ ದುರಸ್ತಿ ಯಾವಾಗ ಗುಣ, ಯಾವಾಗ ಜಿಪುಣತನ, ಯಾವಾಗ ಮೋಹ? ನಮಗೆ ತೋಚಿದ್ದು ಇದು. ಉಳಿಸಿದ ವಸ್ತು ಮತ್ತೆ ದುಡಿಯಬೇಕು, ಗಾಜಿನ ಪೆಟ್ಟಿಗೆಯಲ್ಲಿ ಕೂರಬಾರದು, ಕೂತರೆ ಅದು ಮೋಹ. ಅದರ ಉಳಿತಾಯದ ಬೆಲೆಯನ್ನು ಬೇರೆಯವರು ತೆರಬಾರದು, ತೆತ್ತರೆ ಅದು ಜಿಪುಣತನ, ಕೆಲವೊಮ್ಮೆ ಅಪರಾಧ. ಅದರ ಕುಂದು ನಮಗೆ ತಿಳಿದಿರಬೇಕು, ಬಳಸುವ ಉಳಿದವರಿಗೂ ತಿಳಿದಿರಬೇಕು. ಇಷ್ಟಿದ್ದರೆ ಅದು ಗುಣ, ಮತ್ತು ಅದರಲ್ಲಿ ಸುಖವೂ ಇದೆ. ಒಂದು ಡಾಲರಿನ ಗಡಿಯಾರವನ್ನು ಕುದಿಸಿ ನಡೆಸಿಕೊಂಡು ಭೂಮಿ ಸುತ್ತಿದವನಿಗೆ ಸಿಕ್ಕ ಖುಷಿ, ಹದಿನೈದು ಡಾಲರಿಗೆ ಸಿಗುವಂಥದ್ದಲ್ಲ.

ನಮ್ಮ ಮನೆಯ ಗೋಡೆಯಲ್ಲಿ ಆ ಮೊಳೆ ಇನ್ನೂ ಇದೆ. ಸುಣ್ಣ ಬಳಿಯುವವರು ಪ್ರತಿ ಸಲವೂ ಕೀಳಲೇ ಎಂದು ಕೇಳುತ್ತಾರೆ. ಬೇಡ ಎನ್ನುತ್ತೇವೆ. ಅಬ್ಬಾರ ಗಡಿಯಾರದ ದುರಸ್ತಿಗೆ ಅಂಗಡಿಯವರು ಕೇಳಿದ್ದ ಮೊತ್ತವನ್ನು ಆ ತಿಂಗಳೇ ನಾವು ಒಂದು ಔತಣದಲ್ಲಿ ಖರ್ಚು ಮಾಡಿದ್ದೆವು. ಯಾವ ಔತಣ, ಯಾರು ಬಂದಿದ್ದರು, ಈಗ ನೆನಪಿಲ್ಲ.